ಸಿದ್ದಾಪುರದ ನರ್ಸರಿಯಲ್ಲಿ ನಾನು ಕಲಿತ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಕೈಗೆ ಕಸಿ ಚಾಕು ಹಿಡಿದವನು ನಾನು. ಬೆಳ್ಳಿಹಬ್ಬಕ್ಕೆ ಪ್ರತಿಯೊಬ್ಬ ನಿರ್ದೇಶಕನೂ ತನ್ನ ಕಸುಬಿನ ವಿಚಾರ ನಾಲ್ಕು ಮಾತು ಹೇಳಬೇಕು ಅಂತ ಅಧ್ಯಕ್ಷರು ಕಟ್ಟು ಮಾಡಿದ್ದಾರೆ. ಹಾಲಿನ ವಿಚಾರ, ರೇಷ್ಮೆ ವಿಚಾರ ಹೇಳುವವರು ನನ್ನ ಮುಂದೆ ಹೇಳಿ ಕುಳಿತಿದ್ದಾರೆ. ನನಗೆ ಗೊತ್ತಿರುವುದು ಗಿಡ ಒಂದೇ. ಅದನ್ನೇ ಹೇಳುತ್ತೇನೆ.

ನಮ್ಮ ಮನೆಯವರು ಈ ಆನೇಕಲ್ ತಾಲ್ಲೂಕಿಗೆ ಬಂದದ್ದು ಈಚೆಗೆ. ನಮ್ಮ ಮೂಲ ಸಿದ್ದಾಪುರ. ಕೊಡಗಿನ ಸಿದ್ದಾಪುರವಲ್ಲ, ಉತ್ತರ ಕನ್ನಡದ್ದೂ ಅಲ್ಲ. ಬೆಂಗಳೂರಿನಲ್ಲಿ ಲಾಲ್‌ಬಾಗಿನ ಮಗ್ಗುಲಿಗೇ ಇರುವ ಸಿದ್ದಾಪುರ, ಜಯನಗರ ಒಂದನೇ ಬ್ಲಾಕಿಗೆ ಅಂಟಿಕೊಂಡದ್ದು. ನಿಮ್ಮಲ್ಲಿ ಎಷ್ಟೋ ಜನ ತೆಂಗಿನ ಸಸಿಗೆ, ಗುಲಾಬಿ ಗಿಡಕ್ಕೆ ಅಲ್ಲಿಗೆ ಹೋಗಿರುತ್ತೀರಿ. ಈಗ ನೋಡಿದರೆ ಅದು ಊರು ಅಂತ ಅನ್ನಿಸುವುದಿಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದ ಮೇಲೆ ಸುತ್ತಲಿನ ಹೊಲ, ತೋಟವೆಲ್ಲ ಒಂದೊಂದಾಗಿ ಸೈಟುಗಳಾದವು. ಆದರೂ ಹಳೆಯ ನರ್ಸರಿಗಳು ಅಷ್ಟಿಷ್ಟು ಉಳಿದುಕೊಂಡಿವೆ.

ಅಲ್ಲಿ ನರ್ಸರಿ ಬೆಳೆದದ್ದು ಲಾಲ್‌ಬಾಗಿನಿಂದ. 1760ರ ಸುಮಾರಿಗೆ ಹೈದರಾಲಿ ಹಾಕಿಸಿದ ತೋಟ ಅದು. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಆಮೇಲೆ ಕ್ಯಾಮರಾನ್ ಸಾಹೇಬರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ನೋಡಿಕೊಂಡರು. ನಾವು ಸಾರಿಗೆ ಹಾಕುವ ಸೀಮೆ ಬದನೆಕಾಯಿಯನ್ನು ನಮ್ಮ ಕಡೆಗೆ ತಂದು ಬೆಳೆಸಿದವರು ಅವರೇ ಅಂತ ಹೇಳುತ್ತಾರೆ. 1908ರಲ್ಲಿ ಜರ್ಮನಿಯ ಕೃಂಬಿಗಲ್ ಬಂದರು. ಅವರ ಕಾಲದಲ್ಲಿ, ಅವರ ನಂತರ ಜವರಾಯ, ಮರಿಗೌಡರ ಕಾಲದಲ್ಲಿ, ಸುತ್ತಮುತ್ತಲ ಹಳ್ಳಿಯವರು ಲಾಲ್‌ಬಾಗಿನಲ್ಲಿ ಮಾಲಿ ಕೆಲಸಕ್ಕೆ ಹೋಗುವರು. ಹಗಲು ಅಲ್ಲಿ ಕಸಿ ಕಟ್ಟಿದ ಕೈ ಸಂಜೆ ಮನೆ ಹಿತ್ತಲಲ್ಲಿ ಸುಮ್ಮನೆ ಇರುತ್ತದೆಯೇ? ನಮ್ಮಜ್ಜ ಹಾಗೆ ಮಾಲಿಯಾಗಿದ್ದವರು. ಹಿತ್ತಲಲ್ಲಿ ಮಣ್ಣಿನ ಕುಂಡ ಇಟ್ಟು ಕ್ರೋಟನ್, ದಾಸವಾಳ, ಗುಲಾಬಿ ಮಾಡಿದರು. ಅದೇ ನಮ್ಮ ನರ್ಸರಿ.

ಒಂದು ವಿಷಯ ಈ ಸಭೆಯಲ್ಲಿ ಹೇಳಲೇಬೇಕು. ನರ್ಸರಿಯವರಿಗೆ ಸಹಕಾರ ಹೊಸದಲ್ಲ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ನಿಮಗೆಲ್ಲ ಗೊತ್ತು. ನಮ್ಮ ತೋಟಗಾರರ ಪಾಲಿಗೆ ಆ ದಾರಿ ಮಾಡಿಕೊಟ್ಟವರು ಡಾ. ಎಂ. ಎಚ್. ಮರಿಗೌಡರು. ಹಣ್ಣು ತರಕಾರಿಗೆ ಹಾಪ್‌ಕಾಮ್ಸ್ ಇದ್ದಂತೆ, ಗಿಡ ಬೆಳೆಯುವವರಿಗೆ ಲಾಲ್‌ಬಾಗಿನ ಒಳಗೇ ನರ್ಸರಿಯವರ ಸಹಕಾರ ಸಂಘ ಆಯಿತು. ಬೆಳೆದವನು ಗಿಡ ತಂದು ಒಪ್ಪಿಸುವುದು, ಸಂಘ ಮಾರಿಕೊಡುವುದು. ದಲ್ಲಾಳಿಗಳ ಕೈಗೆ ಸಿಕ್ಕಿಕೊಳ್ಳದೆ ಎಷ್ಟೋ ಮನೆಗಳು ಬದುಕಿದ್ದು ಇಂಥ ಸಂಘಗಳಿಂದ.

ಇಷ್ಟೆಲ್ಲ ಇದ್ದೂ ನಮ್ಮ ಮನೆಯ ನರ್ಸರಿ ಒಡೆದುಹೋಯಿತು. ಗಿಡ ಸತ್ತು ಒಡೆದದ್ದಲ್ಲ, ಗಿರಾಕಿ ಇಲ್ಲದೆಯೂ ಅಲ್ಲ. ಲೆಕ್ಕ ಇಲ್ಲದೆ ಒಡೆಯಿತು. ನಾನು ಇಲ್ಲಿ ನಿಂತದ್ದು ಅದನ್ನು ಹೇಳುವುದಕ್ಕೆ.

ನಮ್ಮಪ್ಪ, ಇಬ್ಬರು ಚಿಕ್ಕಪ್ಪಂದಿರು, ಮೂರು ಜನಕ್ಕೂ ಒಂದೇ ಗಲ್ಲಾಪೆಟ್ಟಿಗೆ. ಬೀಗ ಇರಲಿಲ್ಲ. ಮನೆಗೆ ಅಕ್ಕಿ ಬೇಕು, ತೆಗಿ. ಮಗುವಿಗೆ ಜ್ವರ, ತೆಗಿ. ಬೀಗರು ಬಂದರು, ತೆಗಿ. ರಾತ್ರಿ ಉಳಿದದ್ದನ್ನು ಅಪ್ಪ ಎಣಿಸಿ ಗೋಣಿಚೀಲದ ಕೆಳಗೆ ಇಡುವರು. ಊರಿನವರೆಲ್ಲ ಇವರ ಒಗ್ಗಟ್ಟು ನೋಡಿ ಅಂತ ಹೊಗಳುವರು. ನನಗೂ ಚಿಕ್ಕಂದಿನಲ್ಲಿ ಅದು ಬಹಳ ದೊಡ್ಡದಾಗಿ ಕಾಣುತ್ತಿತ್ತು.

ಮಾರುವವರು ಗಂಡಸರು. ಮಾಡುವವರು ಯಾರು? ನಮ್ಮಜ್ಜಿ, ಅಮ್ಮ, ಇಬ್ಬರು ಚಿಕ್ಕಮ್ಮಂದಿರು. ಬೆಳಿಗ್ಗೆ ಅಡುಗೆ ಮುಗಿಸಿ ಮಣ್ಣು ಜರಡಿ ಹಿಡಿಯುವುದು, ಕವರು ತುಂಬುವುದು, ಕಡ್ಡಿ ಚುಚ್ಚುವುದು, ಕಳೆ ತೆಗೆಯುವುದು. ದೊಡ್ಡ ಚಿಕ್ಕಮ್ಮ ಗುಲಾಬಿಗೆ ಕಣ್ಣು ಕೂಡಿಸಿದರೆ ನೂರಕ್ಕೆ ತೊಂಬತ್ತು ಹಿಡಿಯುತ್ತಿತ್ತು. ನಮ್ಮಪ್ಪನ ಕೈಯಲ್ಲಿ ಅಷ್ಟು ಹಿಡಿಯುತ್ತಿರಲಿಲ್ಲ, ಅವರೇ ಒಪ್ಪುವರು.

2003ರಲ್ಲಿ ಪಾಲಾಯಿತು. ಹಿರಿಯರು ನಾಲ್ಕು ಜನ ಕೂತು ಕುಂಡ ಎಣಿಸಿದರು, ಪೈಪು ಅಳೆದರು, ಮಾವಿನ ತಾಯಿಗಿಡ ಯಾರಿಗೆ, ಸಪೋಟದ್ದು ಯಾರಿಗೆ ಅಂತ ಚೀಟಿ ಹಾಕಿದರು. ಎಲ್ಲ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ದೊಡ್ಡ ಚಿಕ್ಕಮ್ಮ ಬಾಗಿಲ ಹತ್ತಿರ ನಿಂತು ಕೇಳಿದರು: “ಭಾವ, ಕುಂಡ ಎಣಿಸಿದ್ರಿ. ನಾನು ಇಪ್ಪತ್ತೊರ್ಸ ಕವರ್ ತುಂಬಿದ್ನಲ್ಲ, ಅದು ಯಾವ ಪುಸ್ತಕದಾಗೆ ಬರ್ದೈತೆ?”

ಯಾರೂ ಮಾತಾಡಲಿಲ್ಲ. ಬರೆದಿದ್ದರೆ ತಾನೇ ಹೇಳುವುದು? ನಮ್ಮಪ್ಪ ತಲೆ ಬಗ್ಗಿಸಿಕೊಂಡೇ ಕಾಫಿ ಕುಡಿದರು. ಆಮೇಲೆ ಎಷ್ಟೋ ವರ್ಷ ಆ ಎರಡು ಮನೆಗೆ ಹಬ್ಬದ ಊಟಕ್ಕೂ ಹೋಗಿ ಬರುವುದು ನಿಂತುಹೋಯಿತು.

ನಮ್ಮ ಪಾಲಿಗೆ ಬಂದ ದುಡ್ಡಿನಲ್ಲಿ ಅಪ್ಪ ಈ ಊರಿನಲ್ಲಿ ಎರಡು ಎಕರೆ ತೆಗೆದುಕೊಂಡರು. ಗಿಡ ಇಲ್ಲಿ ಬೆಳೆಸುವುದು, ಸಿದ್ದಾಪುರದಲ್ಲಿ ಉಳಿದ ಒಂದು ತುಂಡು ಜಾಗದಲ್ಲಿ ಮಾರುವುದು. ಆಗ ನಾನು ಬುದ್ಧಿ ಕಲಿತಿರಬೇಕಿತ್ತು, ಕಲಿಯಲಿಲ್ಲ. ಅದೇ ಗಲ್ಲಾಪೆಟ್ಟಿಗೆ, ಅದೇ ಗೋಣಿಚೀಲ. ನನ್ನ ತಮ್ಮ ನನ್ನ ಜೊತೆ ಎಂಟು ಹತ್ತು ವರ್ಷ ದುಡಿದ. ಕೇಳಿದಾಗ ನೂರು ಇನ್ನೂರು ಕೊಡುತ್ತಿದ್ದೆ, ಅವನ ಮದುವೆಗೂ ಖರ್ಚು ಮಾಡಿದೆ, ನಾನೇ ಅವನಿಗೆ ಉಪಕಾರ ಮಾಡುತ್ತಿದ್ದೇನೆ ಅಂತ ತಿಳಿದಿದ್ದೆ. 2014ರಲ್ಲಿ ಒಂದು ದಿನ ಬಂದು, “ಅಣ್ಣ, ನಾನು ಟ್ಯಾಕ್ಸಿ ಓಡಿಸ್ತೀನಿ. ಅಲ್ಲಿ ಸಾಯಂಕಾಲಕ್ಕೆ ನನ್ನ ದುಡ್ಡು ಎಷ್ಟು ಅಂತ ನನಗೆ ಗೊತ್ತಾಗುತ್ತೆ” ಅಂದ. ಬೈದೆ. ಹೋದ.

ಎರಡು ವರ್ಷ ಕಳೆದು, ನೆರಳು ಪರದೆ ಹಾಕಿಸಲು ನಾನು ಇದೇ ನಮ್ಮ ಸಂಘಕ್ಕೆ ಸಾಲಕ್ಕೆ ಅರ್ಜಿ ಕೊಟ್ಟೆ. ಕಾರ್ಯದರ್ಶಿಗಳು, ಇಗೋ ಇಲ್ಲೇ ಕೂತಿದ್ದಾರೆ, ಅರ್ಜಿ ನೋಡಿ ಕೇಳಿದರು: “ತಿಂಗಳಿಗೆ ಎಷ್ಟು ಉಳಿಯುತ್ತದಪ್ಪ?” ನಾನು “ಏನೋ ನಡೀತದೆ ಸಾರ್” ಅಂದೆ. “ಏನೋ ಅಂತ ನಮೂನೆಯಲ್ಲಿ ಬರೆಯೋಕಾಗಲ್ಲ” ಅಂದರು. ಅವತ್ತು ನನಗೆ ಸಿಟ್ಟೇ ಬಂತು. ಮನೆಗೆ ಬಂದು ನನ್ನ ಹೆಂಡತಿಗೆ ಹೇಳಿದರೆ ಅವಳು, “ಅವರು ಕೇಳಿದ್ರಲ್ಲಿ ಏನು ತಪ್ಪು? ನಾನೂ ಅದನ್ನೇ ಕೇಳ್ತಾ ಇದೀನಿ” ಅಂದಳು. ಅದೇ ವಾರ ಮಗಳ ಹಳೆ ನೋಟ್ ಪುಸ್ತಕದ ಉಳಿದ ಹಾಳೆಯಲ್ಲಿ ಬರೆಯಲು ಶುರುಮಾಡಿದೆವು.

ಬರೆದ ಮೇಲೆ ಏನು ಕಂಡಿತು? ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೂರು ದಾಸವಾಳದ ಕಡ್ಡಿ ಹಾಕಿದೆ ಅಂತಿಟ್ಟುಕೊಳ್ಳಿ. ಕವರು, ಮಣ್ಣು, ಗೊಬ್ಬರಕ್ಕೆ ಕಡ್ಡಿಗೆ 8 ರೂಪಾಯಿ, ಒಟ್ಟು 800. ನೀರು, ಔಷಧಿಗೆ 300. ಮಾರುವ ಹೊತ್ತಿಗೆ ಉಳಿಯುವುದು ಎಪ್ಪತ್ತು ಗಿಡ. ನೂರಕ್ಕೆ ನೂರು ಉಳಿಯಿತು ಅನ್ನುವವನು ಸುಳ್ಳು ಹೇಳುತ್ತಾನೆ. ಎಪ್ಪತ್ತನ್ನು 40ರಂತೆ ಮಾರಿದರೆ 2800. ಖರ್ಚು 1100 ಕಳೆದರೆ 1700 ಲಾಭ. ಇಷ್ಟು ದಿನ ನಾವು ಹೀಗೇ ತಿಳಿದಿದ್ದೆವು. ಆದರೆ ಆ ನೂರು ಕವರು ತುಂಬಿ, ಕಡ್ಡಿ ಚುಚ್ಚಿ, ತಿಂಗಳಾನುಗಟ್ಟಲೆ ನೋಡಿಕೊಂಡದ್ದನ್ನೆಲ್ಲ ಕೂಡಿಸಿದರೆ ಮೂರು ಆಳಿನ ಕೆಲಸ. ದಿನಕ್ಕೆ 400 ಅಂದರೂ 1200 ಆಯಿತು. ಉಳಿದದ್ದು 500. ಅದೇ ಗಿಡವನ್ನು ಅಂಗಡಿಯವನಿಗೆ 30ರಂತೆ ಸಗಟು ಕೊಟ್ಟರೆ ಬರುವುದು 2100, ಅಂದರೆ 200 ಕೈಯಿಂದ ಹೋಯಿತು! ನಾವು ಲಾಭ ಅಂತ ಗೋಣಿಚೀಲದ ಕೆಳಗೆ ಇಡುತ್ತಿದ್ದದ್ದು ನಮ್ಮ ಮನೆ ಹೆಂಗಸರ ಕೂಲಿ.

ಈ ಲೆಕ್ಕ ಗೊತ್ತಾದ ಮೇಲೆ ಯಾವ ಗಿಡ ಮಾಡಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡಲು ಬಂತು. ಆಂಧ್ರದ ಕಡಿಯಂ ಕಡೆಯಿಂದ ಲಾರಿಗಟ್ಟಲೆ ಅಲಂಕಾರದ ಗಿಡ ಬರುತ್ತದೆ. ಗೋದಾವರಿ ಸೀಮೆಯ ನೀರು, ಮಣ್ಣು, ಅವರ ಪ್ರಮಾಣವೇ ಬೇರೆ. ಅವರ ಜೊತೆ ಕ್ರೋಟನ್‌ನಲ್ಲಿ ಪೈಪೋಟಿಗೆ ಇಳಿದರೆ ನಮ್ಮ ಕೈ ಸುಡುತ್ತದೆ. ನಾವು ಅದನ್ನು ಬಿಟ್ಟು ಕಸಿ ಮಾವು, ಸಪೋಟ, ಗುಲಾಬಿ, ಮಲ್ಲಿಗೆ ಇಷ್ಟಕ್ಕೆ ನಿಂತೆವು. ಅದರ ಜೊತೆಗೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಕಡೆ ಮನೆಗಳ ಕೈತೋಟ ನೋಡಿಕೊಳ್ಳುವ ಕೆಲಸ ಹಿಡಿದೆವು. ಇವತ್ತು ನಮ್ಮ ಮನೆ ನಡೆಯುವುದು ಅರ್ಧಕ್ಕರ್ಧ ಆ ಕೆಲಸದಿಂದ.

ಕೈತೋಟ ನೋಡಿಕೊಳ್ಳುವುದಕ್ಕೆ ಕಾಲ ತಿಳಿದಿರಬೇಕು. ಪಟ್ಟಣದ ಯಜಮಾನರಿಗೆ ಜನವರಿ, ಆಗಸ್ಟ್ ಎರಡೇ ತಿಂಗಳು ಗೊತ್ತು. ಆ ಎರಡು ಸಲ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ, ನೋಡಿ ಬಂದ ಮರುದಿನ ನಮಗೆ ಫೋನು: “ನಮ್ಮ ಮನೆ ಗುಲಾಬಿ ಯಾಕೆ ಹಾಗೆ ಬಿಟ್ಟಿಲ್ಲ?” ಜನವರಿ ಕೊನೆಗೆ ಹೂ ಬೇಕಾದರೆ ಡಿಸೆಂಬರ್ ಹುಟ್ಟುವ ಮೊದಲೇ ಸವರಬೇಕು ಸ್ವಾಮಿ. ಗುಲಾಬಿ ಕತ್ತರಿಸಿದ 45ರಿಂದ 60 ದಿನಕ್ಕೆ ಹೂ ಬರುತ್ತದೆ. ಅಕ್ಟೋಬರ್‌ನಲ್ಲಿ ಚಿತ್ತೆ ಮಳೆ ತಗ್ಗಿದ ಮೇಲೆ ಒಣಕಲು, ರೋಗದ ಕೊಂಬೆ, ಒಳಕ್ಕೆ ತಿರುಗಿದ ಕೊಂಬೆ ತೆಗೆದು, ಹೊರಮುಖದ ಕಣ್ಣಿನ ಮೇಲಕ್ಕೆ ಓರೆಯಾಗಿ ಕತ್ತರಿಸಿ, ಬುಡ ಬಿಡಿಸಿ ಗೊಬ್ಬರ ಕೊಡುವುದು ನಮ್ಮ ಕಡೆಯ ಪದ್ಧತಿ. ಇನ್ನೊಂದು, ಕಣ್ಣು ಕೂಡಿಸಿದ ಗಂಟಿನ ಕೆಳಗಿಂದ ದಪ್ಪನೆ ಚಿಗುರು ಬರುತ್ತದಲ್ಲ, ಅದನ್ನು ನೋಡಿ ಗಿಡ ಚೆನ್ನಾಗಿ ಬಂತು ಅಂತ ಸಂತೋಷಪಡುತ್ತಾರೆ. ಅದು ಕಾಡು ಗುಲಾಬಿಯ ಚಿಗುರು. ಅದನ್ನು ಬುಡಕ್ಕೇ ಕಿತ್ತು ತೆಗೆಯದಿದ್ದರೆ ಮೇಲಿನ ಒಳ್ಳೇ ಜಾತಿಯನ್ನು ತಿಂದುಹಾಕುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಮಳೆಗಾಲ. ಗಿಡಕ್ಕೆ ನೀರು ಎಷ್ಟಾದರೂ ಒಳ್ಳೆಯದೇ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಕುಂಡದ ಗಿಡ ಒಣಗಿ ಸಾಯುವುದು ಕಡಿಮೆ, ಕೊಳೆತು ಸಾಯುವುದೇ ಹೆಚ್ಚು. ಬೇರಿಗೂ ಗಾಳಿ ಬೇಕು. ಕುಂಡದ ತೂತು ಮುಚ್ಚಿ ನೀರು ನಿಂತರೆ ಬೇರು ಉಸಿರಾಡದೆ ಕೊಳೆಯುತ್ತದೆ, ಎಲೆ ಹಳದಿಯಾಗಿ ಬಾಡುತ್ತದೆ. ಬಾಡಿತಲ್ಲಾ ಅಂತ ಮನೆಯವರು ಇನ್ನಷ್ಟು ನೀರು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಬೆರಳು ಒಂದು ಗೆಣ್ಣು ಮಣ್ಣಿನೊಳಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ ಅಂತ ನಾವು ಹೇಳಿಕೊಡುತ್ತೇವೆ. ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಹಳೇ ಕೊಟ್ಟಿಗೆ ಗೊಬ್ಬರ ಒಂದು, ಇದು ಅಜ್ಜನ ಕಾಲದ ಅಳತೆ. ಈಗ ಮಹಡಿಯ ಮೇಲೆ ಭಾರ ಆಗಬಾರದು ಅಂತ ತೆಂಗಿನ ನಾರಿನ ಪುಡಿ ಬೆರೆಸುತ್ತೇವೆ. ಅದು ನೀರು ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲದಲ್ಲಿ ಕೈ ಹಿಡಿದು ಹಾಕಬೇಕು.

ಹೇಳುವ ನಾನೇ ಎಡವಿದ್ದೇನೆ. 2022ರ ಮಳೆ ನಿಮಗೆಲ್ಲ ನೆನಪಿದೆ, ನಮ್ಮ ಕೆರೆ ಕೋಡಿ ಬಿದ್ದ ವರ್ಷ. ಗುಲಾಬಿ ಕವರುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಿದ್ದೆ. ಕೆಳಗೆ ಜಲ್ಲಿ ಹಾಕಿ ಎತ್ತರ ಮಾಡೋಣ ಅಂತ ನನ್ನ ಹೆಂಡತಿ ಬೇಸಿಗೆಯಿಂದ ಹೇಳುತ್ತಿದ್ದಳು. ಜಲ್ಲಿಗೆ ದುಡ್ಡು ಯಾಕೆ ಅಂತ ನಾನು ಬಿಟ್ಟೆ. ನೀರು ನಿಂತು ನಾನೂರು ಗಿಡ ಹೋದವು. ಆ ನಾನೂರನ್ನು ಅವಳು ತನ್ನ ಅಕ್ಷರದಲ್ಲಿ ಪುಸ್ತಕದಲ್ಲಿ ಬರೆದಿದ್ದಾಳೆ, ಪಕ್ಕದಲ್ಲಿ ‘ಜಲ್ಲಿ’ ಅಂತ ಒಂದೇ ಮಾತು.

ಮಳೆಗಾಲದ ಬುಡಕೊಳೆ, ಎಲೆಚುಕ್ಕೆಗೆ ನಮ್ಮಲ್ಲಿ ಬೋರ್ಡೋ ದ್ರಾವಣವೇ ಗಟ್ಟಿ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಹಿಂದುಮುಂದು ಮಾಡಬಾರದು. ಹೊಳೆಯುವ ಚಾಕು ಅದ್ದಿ ನೋಡಿ. ತಾಮ್ರದ ಬಣ್ಣ ಅಂಟಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಅವತ್ತು ಕಲಸಿದ್ದನ್ನು ಅವತ್ತೇ ಹೊಡೆಯಬೇಕು. ಬೇಸಿಗೆಯಲ್ಲಿ ದಾಸವಾಳಕ್ಕೆ ಬರುವ ಹಿಟ್ಟು ತಿಗಣೆಗೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಹೊಡೆದರೆ ಸಾಕು. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಚಳಿಗಾಲದ್ದು ಹೆಚ್ಚು ಹೇಳುವುದಿಲ್ಲ. ಕಾರ್ತಿಕ ಕಳೆದ ಮೇಲೆ ಮಲ್ಲಿಗೆ ಸವರುವುದು, ನೀರು ಕಡಿಮೆ ಮಾಡುವುದು, ಅಷ್ಟೇ. ಬೇಸಿಗೆ ಮಾತ್ರ ಈಗ ಮೊದಲಿನ ಹಾಗಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾಗಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನ ಈ ತಿಂಗಳು ಬರಬೇಡಿ ಅಂದರು. ಅವರದ್ದೂ ತಪ್ಪಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಿಡಿದಿಡಿ, ಬುಡಕ್ಕೆ ಒಣಗಿದ ಎಲೆ ಮುಚ್ಚಿ, ಹುಲ್ಲುಹಾಸು ಒಣಗಿದರೆ ಒಣಗಲಿ, ಮಳೆ ಬಿದ್ದರೆ ಚಿಗುರುತ್ತದೆ, ಮೊದಲು ಮರ ಉಳಿಸಿಕೊಳ್ಳಿ ಅಂತ ಮನೆಮನೆಗೆ ಹೋಗಿ ಹೇಳಿ ಬಂದೆವು. ಆ ತಿಂಗಳ ಹಣ ಕೇಳಲಿಲ್ಲ. ಮುಂಗಾರಿನಲ್ಲಿ ಬಹುಪಾಲು ಮನೆಯವರು ತಾವೇ ಕರೆದರು. ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ಮಾತ್ರ ಹಿಂದಿನ ಆರು ತಿಂಗಳ ಬಾಕಿ ಇವತ್ತಿನವರೆಗೂ ಕೊಟ್ಟಿಲ್ಲ. ಕಾಗದದ ಮೇಲೆ ಕರಾರು ಇರಲಿಲ್ಲ, ಬಾಯಿಮಾತು. ಆ ತಪ್ಪು ನನ್ನದು. ಹುಡುಗರು ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ಮೊದಲು ಕರಾರು ಬರೆಸಿಕೊಳ್ಳಿ, ಒಂದು ಪುಟವಾದರೂ ಸಾಕು.

ನನ್ನ ತಮ್ಮನ ವಿಚಾರ ಅರ್ಧಕ್ಕೆ ಬಿಟ್ಟೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಅವನ ಟ್ಯಾಕ್ಸಿ ನಿಂತಿತು, ನಮ್ಮ ಸಿದ್ದಾಪುರದ ಜಾಗಕ್ಕೂ ಬಾಗಿಲು. ಫಲಪುಷ್ಪ ಪ್ರದರ್ಶನವೂ ಆ ವರ್ಷದ ಆಗಸ್ಟಿನಿಂದ ನಿಂತು ಮತ್ತೆ ನಡೆದದ್ದು 2022ರ ಆಗಸ್ಟಿನಲ್ಲಿ. ಆದರೆ ಬಾಗಿಲು ತೆಗೆದ ಮೇಲೆ ಒಂದು ವಿಚಿತ್ರ ನೋಡಿದೆವು. ಮನೆಯಲ್ಲೇ ಕೂತ ಜನ ಗಿಡ ಕೇಳಿಕೊಂಡು ಬಂದರು. ನನ್ನೊಬ್ಬನಿಂದ ಆಗಲಿಲ್ಲ. ತಮ್ಮನ ಮನೆಗೆ ಹೋದೆ. ಈ ಸಲ ಬರಿಗೈಲಿ ಹೋಗಲಿಲ್ಲ, ಪುಸ್ತಕ ಹಿಡಿದುಕೊಂಡು ಹೋದೆ. “ದಿನಗೂಲಿ ಇಷ್ಟು, ಅದು ನಿನ್ನದು. ವರ್ಷದ ಕೊನೆಗೆ ಉಳಿದದ್ದರಲ್ಲಿ ಮೂರನೇ ಒಂದು ಪಾಲು. ನನ್ನ ಹೆಂಡತಿಗೂ ಅಷ್ಟೇ ಕೂಲಿ, ನಿನ್ನ ಹೆಂಡತಿ ಬಂದರೆ ಅವಳಿಗೂ ಅಷ್ಟೇ” ಅಂದೆ. ಅವನು ಪುಸ್ತಕ ತಿರುವಿ ಹಾಕಿ, “ನಾನಿದ್ದಾಗಿನದ್ದು ಎಲ್ಲಣ್ಣ?” ಅಂತ ಕೇಳಿದ. ನನ್ನ ಹತ್ತಿರ ಇರಲಿಲ್ಲ. ದೊಡ್ಡ ಚಿಕ್ಕಮ್ಮನ ಮಾತು ಹದಿನೇಳು ವರ್ಷ ಕಳೆದು ನನ್ನ ತಲೆಗೇ ಬಂತು.

ಅವನು ಕೂಡಲೇ ಬರಲಿಲ್ಲ. ಮೂರು ತಿಂಗಳು ಬಿಟ್ಟು ಬಂದ. ಹಿಂದಿನದ್ದಕ್ಕೆ ಇಬ್ಬರೂ ಕೂತು ಅಂದಾಜಿನ ಮೇಲೆ ಒಂದು ಮೊತ್ತ ಗೊತ್ತುಮಾಡಿ, ತಿಂಗಳು ತಿಂಗಳು ಅವನ ಹೆಸರಿಗೆ ನಮ್ಮ ಸಂಘದಲ್ಲಿ ಕಟ್ಟುತ್ತಾ ಬಂದಿದ್ದೇನೆ. ಇನ್ನೂ ಪೂರ್ತಿ ತೀರಿಲ್ಲ. ಕಾರ್ಯದರ್ಶಿಗಳಿಗೆ ಗೊತ್ತು.

ಈಗ ಸಭೆಯ ಮುಂದೆ ನನ್ನದು ಒಂದು ಬೇಡಿಕೆ. ನಮ್ಮೂರಲ್ಲಿ ಹಾಲು ಹಾಕುವವರು ಹೆಂಗಸರು, ಹಾಲಿನ ಪುಸ್ತಕ ಗಂಡಸರ ಹೆಸರಲ್ಲಿ. ಹೂವು ಕಟ್ಟುವವರು ಹೆಂಗಸರು, ಮಂಡಿಯ ಚೀಟಿ ಗಂಡಸರ ಜೇಬಿನಲ್ಲಿ. ಮುಂದಿನ ವಾರ್ಷಿಕ ಸಭೆಯೊಳಗೆ ನಿರ್ದೇಶಕರಾದ ನಮ್ಮ ಮನೆಗಳಿಂದಲೇ ಹೆಂಗಸರ ಹೆಸರಿಗೂ ಷೇರು ಮಾಡಿಸಿ, ಅವರ ಖಾತೆಗೆ ಅವರ ಕೂಲಿ ಕಟ್ಟೋಣ ಅಂತ ಆಡಳಿತ ಮಂಡಳಿಗೆ ಬರೆದು ಕೊಟ್ಟಿದ್ದೇನೆ. ಕೆಲವರು ನಕ್ಕರು, ಮನೆಯೊಳಗೆ ಎಂಥ ಕೂಲಿ ಅಂದರು. ನಗಲಿ. ವಿಷಯ ಕಾರ್ಯಸೂಚಿಯಲ್ಲಿ ಬರುತ್ತದೆ, ಚರ್ಚೆ ಆಗಲಿ. ಹಿಂದಿನ ಸಾಲಿನಲ್ಲಿ ಕೂತ ತಾಯಂದಿರು ಅವತ್ತು ಮುಂದಿನ ಸಾಲಿಗೆ ಬಂದು ಕೂತರೆ ಚರ್ಚೆ ಚೆನ್ನಾಗಿರುತ್ತದೆ.

ಇನ್ನೊಂದು ತಿಳಿಸಿ ಮುಗಿಸುತ್ತೇನೆ. ಮೃಗಶಿರ ಮಳೆ ಶುರುವಾದ ಮೇಲೆ ನಮ್ಮ ತೋಟದಲ್ಲಿ ಮಾವಿನ ವಾಟೆ ಕಸಿ ಮಾಡುತ್ತೇವೆ. ತಿಂದ ಮಾವಿನ ವಾಟೆಯನ್ನು ಬಹಳ ದಿನ ಒಣಗಿಸಿ ಇಟ್ಟರೆ ಮೊಳೆಯುವುದಿಲ್ಲ, ಹಸಿಯಾಗಿದ್ದಾಗಲೇ ಮಣ್ಣಿಗೆ ಹಾಕಿ. ಮೊಳೆತು ಎಲೆ ಇನ್ನೂ ತಾಮ್ರದ ಬಣ್ಣ ಇರುವಾಗ, ಹತ್ತು ಹದಿನೈದು ದಿನದ ಸಸಿಯನ್ನು ತನ್ನಿ. ಕಸಿ ಕಡ್ಡಿ ನಾವು ಕೊಡುತ್ತೇವೆ, ವಾರದ ಹಿಂದೆಯೇ ಎಲೆ ತೆಗೆದು ಕಣ್ಣು ಉಬ್ಬಿಸಿ ಇಟ್ಟಿರುತ್ತೇವೆ. ಹೇಳಿಕೊಡಲು ದೊಡ್ಡ ಚಿಕ್ಕಮ್ಮನೇ ಬರುತ್ತೇನೆ ಅಂದಿದ್ದಾರೆ. ಅವರಿಗೆ ಈಗ ವಯಸ್ಸಾಗಿದೆ, ಆದರೆ ಕೈ ನಡುಗುವುದಿಲ್ಲ. ಅವರ ಅವತ್ತಿನ ಕೂಲಿಯನ್ನು ಮೊದಲೇ ಬರೆದಿಟ್ಟಿದ್ದೇನೆ. ಕಲಿಯುವವರು ಬೆಳಿಗ್ಗೆ ಏಳು ಗಂಟೆಗೆ ಬನ್ನಿ, ಚಾಕು ನಿಮ್ಮದೇ ತನ್ನಿ.